ಮಾಬಣ್ಣ ಮಡಚಿಟ್ಟ ಬಟ್ಟೆ

ಜೀನ್ಸ್ ಬಟ್ಟೆ ಆರಿಸುವಾಗ ಮಾಬಣ್ಣ ಅದನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದುತ್ತಿದ್ದರು. ಆಚೆ ಬದಿಗೆ ತಮ್ಮದೇ ಅಂಗೈ. ಉಸಿರು ಅಂಗೈಗೆ ತಾಕಿದರೆ ಬಟ್ಟೆ ಅಂಗಡಿಯೊಳಗೆ ಬರುತ್ತಿತ್ತು. ಇಲ್ಲವಾದರೆ ಹೊಸಪೇಟೆಯಿಂದ ತಂದವನು ಅದನ್ನು ಹೊತ್ತುಕೊಂಡೇ ವಾಪಸು ಹೋಗಬೇಕು. “ಉಸುರೇ ದಾಟಲಿಲ್ಲಂದ್ರ ಬೆವರು ಹೆಂಗ ದಾಟತೈತ್ರಿ? ಇದು ಸಂಡೂರು ಬಿಸಲು,” ಎನ್ನುತ್ತಿದ್ದರು.

ಸಂಡೂರಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದೇ ಹೊಲಿಗೆ ಮಿಷನ್ನಿನ ಅಂಗಡಿ ಅವರದು. ಗಣಿ ಜೋರಾಗಿದ್ದ ಕಾಲ. ಯಾರನ್ನು ಕಂಡರೂ ಅವಸರ, ಏನು ಮುಟ್ಟಿದರೂ ಕೆಂಪು ಧೂಳು. ನಾನು ಯಶವಂತನಗರದ ಕಡೆ ಒಬ್ಬ ಗುತ್ತಿಗೆದಾರರ ಶೆಡ್ಡಿನಲ್ಲಿ ಟಿಪ್ಪರ್ ಮೆಕ್ಯಾನಿಕ್. ಮೊದಲ ಸಂಬಳ ಬಂದಾಗ ಹೊಸಪೇಟೆಗೆ ಹೋಗಿ ದಪ್ಪನೆಯ, ಬಿಗಿಯಾದ ರೆಡಿಮೇಡ್ ಜೀನ್ಸ್ ತಂದೆ. ಎಂಟು ದಿನದಲ್ಲಿ ತೊಡೆ ಕಿತ್ತುಹೋಗಿ, ಕಾಲು ಅಗಲಿಸಿಕೊಂಡು ನಡೆಯುವ ಹಾಗಾಯಿತು. ಮಾಬಣ್ಣ ಅಂಗಡಿಯಿಂದಲೇ ಕೇಳಿದರು: “ಯಾಕಲೇ ಎರ್ರಿಸ್ವಾಮಿ, ಕುದ್ರಿ ಇಳದು ಬಂದಿಯೇನು?”

ಆಮೇಲೆ ಅವರೇ ಹೊಲಿದುಕೊಟ್ಟರು. ಅವರ ಕೆಲಸಕ್ಕೆ ಅದರದೇ ವರಸೆ. ಬಟ್ಟೆಯನ್ನು ಒಂದಿಡೀ ದಿನ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿದ ಮೇಲೆಯೇ ಕತ್ತರಿ. ಅಂಗಡಿಯಲ್ಲಿ ಟಿಪ್ಪರಿನ ಮೆಟ್ಟಿಲಿನಷ್ಟೇ ಎತ್ತರದ ಒಂದು ಮರದ ಸ್ಟೂಲು. ಪ್ಯಾಂಟು ಹಾಕಿಕೊಂಡವನು ಅದರ ಮೇಲೆ ಮೂರು ಸಲ ಕಾಲಿಟ್ಟು ಹತ್ತಬೇಕು, ಆಮೇಲೆ ಕುಕ್ಕರಗಾಲಿನಲ್ಲಿ ಕೂರಬೇಕು. ಎಲ್ಲಿಯೂ ಹಿಡಿಯಬಾರದು. “ಎಂಟು ದಿನ ಮನ್ಯಾಗ ಹಾಕ್ಕೊಂಡು ಕುಂತು ಎದ್ದು ಮಾಡು. ನಿನ್ನ ಮೊಣಕಾಲು ಎಲ್ಲೈತಂತ ಬಟ್ಟಿಗೆ ಗೊತ್ತಾಗ್ಲಿ. ಆಮ್ಯಾಗ ಗಣಿಗೆ ಹೋಗು,” ಎಂದರು. ಸೊಂಟದ ಹಿಂದೆಯೂ ಪಾದದ ಬಳಿಯೂ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಮಡಚಿಡುತ್ತಿದ್ದರು. ಊರಿಗೆ ಅವರು ಮಾಬುಸಾಬರು. ಮಾಬುಸಾಬರ ಪ್ಯಾಂಟು ಕುಗ್ಗುವುದಿಲ್ಲ ಎಂಬ ಮಾತು ದೋಣಿಮಲೈವರೆಗೂ ಇತ್ತು. ಅವರಿಗಿದ್ದ ಆಸ್ತಿ ಅದೊಂದೇ.

ಅದನ್ನು ಹಾಳುಮಾಡಿದವನು ನಾನು.

ಶೆಡ್ಡಿಗೆ ಯಾರೋ ದೊಡ್ಡವರು ಬರುತ್ತಾರೆಂದು ನಲವತ್ತು ಡ್ರೈವರುಗಳಿಗೂ ಒಂದೇ ಥರದ ಜೀನ್ಸ್ ಬೇಕೆಂದರು ಗುತ್ತಿಗೆದಾರರು, ಅದೂ ವಾರದೊಳಗೆ. ಮಾಬಣ್ಣ ಮಾಡಿಕೊಡುತ್ತಾರೆ ಎಂದು ನಾನು ಬಾಯಿಬಿಟ್ಟು ಒಪ್ಪಿಕೊಂಡು ಬಂದಿದ್ದೆ. ಮಾಬಣ್ಣ ತಲೆಯಾಡಿಸಿದರು. “ಇಷ್ಟು ಬಟ್ಟಿ ನೆನಸಿ ಒಣಗಸಾಕ ನನಗ ಜಾಗಾ ಎಲ್ಲೈತಪಾ? ವಾರದಾಗ ಆಗಂಗಿಲ್ಲ.”

“ಈ ಸಲ ನೆನಸಬ್ಯಾಡ್ರಿ ಮಾಬಣ್ಣ. ಆಗಲಿಲ್ಲಂದ್ರ ನನ್ನ ಕೆಲಸ ಹೋಗತೈತ್ರಿ.”

ಆಗಲೇ ದಣಿದ ಮನುಷ್ಯ, ಮಿಷನ್ ತುಳಿದು ತುಳಿದು ಕಾಲು ಊದಿಕೊಂಡಿದ್ದವು. “ಆತು ತಗ, ನಿನ್ನ ಸಲುವಾಗಿ,” ಎಂದು ಕತ್ತರಿ ಎತ್ತಿಕೊಂಡರು.

ದೊಡ್ಡವರು ಬಂದು ಹೋದರು. ಪ್ಯಾಂಟುಗಳು ಒಗೆತಕ್ಕೆ ಬಿದ್ದವು. ಮರುದಿನ ನಲವತ್ತು ಜನರ ಪಾದದ ಗೆಣ್ಣುಗಳೂ ಕಾಣತೊಡಗಿದವು. ಹೊನ್ನೂರಪ್ಪ ಎಂಬ ಡ್ರೈವರು ಟಿಪ್ಪರ್ ಹತ್ತಲು ಕಾಲೆತ್ತಿದಾಗ ಪ್ಯಾಂಟು ತೊಡೆಯಲ್ಲಿ ಹಿಡಿದು, ಮೆಟ್ಟಿಲು ತಪ್ಪಿ ಬಿದ್ದು ಕೈ ಮುರಿದುಕೊಂಡ. ಗುತ್ತಿಗೆದಾರರು ಮಾಬಣ್ಣನನ್ನು ಶೆಡ್ಡಿಗೆ ಕರೆಸಿ ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದರು. “ನನ್ನ ತಪ್ಪ್ರಿ. ನಾ ನೆನಸಲಿಲ್ಲ,” ಎಂದರು ಮಾಬಣ್ಣ. ನಾನು ಪಕ್ಕದಲ್ಲೇ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನಿಂತಿದ್ದೆ. ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಮರುದಿನ ಮಾಬಣ್ಣ ಬೆಳಗಿನ ಬಸ್ಸಿಗೆ ಶೆಡ್ಡಿಗೆ ಬಂದು, ಡ್ರೈವರುಗಳು ಇಳಿಯುವಲ್ಲಿ ನಿಂತು, ಒಂದೊಂದೇ ಪ್ಯಾಂಟು ಇಸಿದುಕೊಂಡು ಹೋದರು. ಅವಸರದಲ್ಲಿಯೂ ಒಳಗೆ ಬಟ್ಟೆ ಮಡಚಿಡುವುದನ್ನು ಅವರು ಮರೆತಿರಲಿಲ್ಲ. ಅದನ್ನೆಲ್ಲ ಬಿಚ್ಚಿ ದೊಡ್ಡದು ಮಾಡಿ ಹೊಲಿದುಕೊಟ್ಟರು. ಆದರೆ ಊರಿನ ಬಾಯಿಗೆ ಹೊಲಿಗೆ ಹಾಕುವವರು ಯಾರು? ಅಂಗಡಿಗೆ ಬರುವವರು ಕಡಿಮೆಯಾದರು.

ಮುಂದೆ ಗಣಿಯೇ ನಿಂತಿತು. ಶೆಡ್ಡು ಮುಚ್ಚಿ, ಕೆಲಸವಿಲ್ಲದೆ ತಿರುಗಿ ತಿರುಗಿ ನಾನು ಸೊರಗಿದ್ದೆ. ಮಾಬಣ್ಣ ಹೊಲಿದುಕೊಟ್ಟಿದ್ದ ಪ್ಯಾಂಟು ಸೊಂಟದಲ್ಲಿ ನಿಲ್ಲದಿದ್ದಾಗ ಅವರ ಹತ್ತಿರವೇ ಒಯ್ದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ.

“ಮಾಬಣ್ಣ, ಅವತ್ತು ಶೆಡ್ಡಿನ್ಯಾಗ ನಾನು...”

“ನೆಟ್ಟಗ ನಿಂದ್ರು, ಅಳತಿ ತಪ್ಪತೈತಿ,” ಎಂದು ಟೇಪು ಸುತ್ತಿದರು. ಹೆಚ್ಚಾದದ್ದನ್ನು ಕತ್ತರಿಸಿಬಿಡಿ, ಭಾರವಾಗುತ್ತದೆ ಎಂದೆ. “ಬ್ಯಾಡ. ಒಳಗ ಮಡಚಿಡ್ತೀನಿ. ಮತ್ತ ಮೈ ಹಿಡೀತಿ,” ಎಂದರು. ನನ್ನ ಮಾತು ಅಲ್ಲಿಗೇ ನಿಂತಿತು. ಆ ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ಕಂಪ್ಲಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದಾಗ ಯಾರೋ ಹೇಳಿದರು. ಮಣ್ಣು ಕೊಡಲೂ ಹೋಗಲಾಗಲಿಲ್ಲ.

ಈಗ ನನಗೆ ಹೊಟ್ಟೆ ಬಂದಿದೆ. ಹೋದ ತಿಂಗಳು ಆ ಪ್ಯಾಂಟನ್ನು ಕಂಪ್ಲಿಯ ಒಬ್ಬ ಟೇಲರಿಗೆ ಕೊಟ್ಟೆ. ಸೊಂಟದ ಹಿಂದಿನ ಹೊಲಿಗೆ ಬಿಚ್ಚಿದವನು ಕೈ ನಿಲ್ಲಿಸಿದ. ಹೊರಗಿನ ಬಟ್ಟೆ ಧೂಳು ಕುಡಿದು, ಒಗೆದು ಒಗೆದು ಬೂದಿಬಣ್ಣವಾಗಿದೆ. ಮಡಿಕೆಯೊಳಗಿನ ಎರಡು ಬೆರಳು ಬಟ್ಟೆ ಮಾತ್ರ ಅಂಗಡಿಯಿಂದ ಈಗ ತಂದಂತೆ ಕಡುನೀಲಿ.

“ಯಾರ್ ಹೊಲದಾರ್ರಿ ಇದನ್ನ? ಭಾಳ ಬಟ್ಟಿ ಉಳಿಸ್ಯಾರಲ್ಲ ನಿಮಗ,” ಎಂದ.

ಅವರ ಹೆಸರು ಹೇಳಿದೆ. ನಂತರ, ಯಾರೂ ಕೇಳದಿದ್ದರೂ, ಆ ನಲವತ್ತು ಪ್ಯಾಂಟಿನ ಬಟ್ಟೆ ನೆನೆಸಬೇಡಿ ಎಂದವನು ನಾನೇ ಎಂದೂ ಹೇಳಿದೆ. ಅವನಿಗೆ ಏನೂ ತಿಳಿಯಲಿಲ್ಲ. ಟೇಪು ಎತ್ತಿಕೊಂಡು, ನೆಟ್ಟಗೆ ನಿಲ್ಲಿ ಎಂದ.