ಪಕ್ಕದ ಮನೆಯ ಕೇಕು

ಊರಿಗೆಲ್ಲ ಕ್ರಿಸ್‌ಮಸ್ ಕೇಕೆಂದರೆ ಎಪ್ಪತ್ತೆಂಟರ ಥೆಲ್ಮಾಳದ್ದೇ. ಸಂಸಾರಸ್ಥರ ಮನೆಗೆ ದೊಡ್ಡದೊಂದು, ಒಂಟಿ ಗಂಡಸರಿಗೆ ತಲೆಗೊಂದು ಸಣ್ಣದು. ಇದು ಅವಳ ಕಟ್ಟಳೆ. ಪಕ್ಕದ ಮನೆಯಲ್ಲಿ ಒಟ್ಟಿಗೆ ಬಾಳುತ್ತಿದ್ದ ಕ್ಲೈವ್, ಮರ್ವ್ ಇಬ್ಬರಿಗೂ ಮೂವತ್ತು ವರ್ಷ ಹೋದದ್ದು ಎರಡು ಸಣ್ಣ ಕೇಕುಗಳೇ.

ಆ ಸೆಪ್ಟೆಂಬರಿನಲ್ಲಿ, ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೇ ಎಂದು ಕೇಳುವ ಆಸ್ಟ್ರೇಲಿಯಾ ಸರಕಾರದ ಕಾಗದ ಮನೆಮನೆಗೂ ಬಂತು. ಥೆಲ್ಮಾ ‘ಹೌದು’ ಎಂದು ಗುರುತು ಹಾಕಿ ಅಂಚೆಗೆ ಹಾಕಿದವಳೇ, ಮನೆಗೆ ಬಂದು ಒಣದ್ರಾಕ್ಷಿಯನ್ನು ಬ್ರಾಂದಿಯಲ್ಲಿ ನೆನೆಸಿ, ಕೇಕಿನ ದೊಡ್ಡ ಪಾತ್ರೆಯನ್ನು ಕೆಳಗಿಳಿಸಿದಳು.

“ಯಾರಿಗಕ್ಕಾ ಇದು?” ಎಂದಳು ತಂಗಿ ಮೇವಿಸ್.

“ಪಕ್ಕದ್ಮನೆಗೆ.”

“ಅಯ್ಯೋ, ಇನ್ನೂ ಫಲಿತಾಂಶಾನೇ ಬಂದಿಲ್ಲ! ಜನ ಬೇಡ ಅಂದ್ಬಿಟ್ರೆ?”

“ಅಂದ್ಕೊಳ್ಲಿ. ನನ್ನ ಒಲೆ ಹಚ್ಚೋಕೆ ಅವ್ರ ಅಪ್ಪಣೆ ಬೇಕೇನೇ?”

ನವೆಂಬರಿನಲ್ಲಿ ದೇಶವೂ ಹೌದೆಂದಿತು. ಅಷ್ಟರಲ್ಲಿ, ಬ್ರಾಂದಿ ಹೀರಿ ತಿಂಗಳುಗಟ್ಟಲೆ ಮಾಗುತ್ತಿದ್ದ ಕೇಕೂ ಹದಕ್ಕೆ ಬಂದಿತ್ತು.

ಕ್ರಿಸ್‌ಮಸ್ಸಿಗೆ ಬಾಗಿಲು ತೆಗೆದ ಕ್ಲೈವ್ ಥೆಲ್ಮಾಳ ಕೈಯಲ್ಲಿದ್ದ ಒಂದೇ ಒಂದು ದೊಡ್ಡ ಕೇಕನ್ನು ನೋಡಿದ. “ಮರ್ವ್‌ದೆಲ್ಲಿ, ಥೆಲ್ಮಕ್ಕಾ?”

“ಒಂದ್ ಸಂಸಾರಕ್ಕೆ ಒಂದೇ ಕಣಯ್ಯಾ. ಇಷ್ಟು ವರ್ಷ ನಾನೇ ತಪ್ಪು ಮಾಡ್ದೆ.”

ಕ್ಲೈವ್ ಕೇಕನ್ನು ಎರಡೂ ಕೈಯಲ್ಲಿ ಈಸಿಕೊಂಡ. ಆಮೇಲೆ ಒಳಕ್ಕೆ ತಿರುಗಿ ಕೂಗಿದ: “ಮರ್ವ್, ಇಷ್ಟು ದೊಡ್ಡದು ಇಡೋಕೆ ನಮ್ಮನೇಲಿ ತಟ್ಟೇನೇ ಇಲ್ವಲ್ಲೋ!”