ವಿದ್ಯಾಶ್ರೀ ಕೊಂಡ ಮೂರು ಡಬ್ಬಿ

ಗುರುಬಸಮ್ಮನ ಮುರಿದ ಸೊಂಟದ ಮೂಳೆ ಕೂಡಿಕೊಂಡಿತ್ತು, ಆದರೆ ಕಾಲು ಊರಲು ಬರುತ್ತಿರಲಿಲ್ಲ. ಮಗ ಸಿದ್ದರಾಮೇಶ್ ಬೆಳಿಗ್ಗೆಯೇ ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಹಗಲಲ್ಲಿ ಅವಳನ್ನು ಮಂಚದಿಂದ ಎತ್ತಿ ಬಚ್ಚಲಿಗೆ ಒಯ್ಯಲು ಸೊಸೆ ವಿದ್ಯಾಶ್ರೀ ಎದುರುಮನೆಯ ಹುಲುಗಪ್ಪನನ್ನು ಕೂಗಬೇಕಿತ್ತು. ಒಳ್ಳೆಯ ಮನುಷ್ಯ, ಮನೆಗೆ ಸೊಸೆ ಬಂದ ವಯಸ್ಸು, ಕರೆದ ಕೂಡಲೇ ಬರುತ್ತಿದ್ದ. ಆದರೂ ಪರ ಗಂಡಸಿನ ಕೈ. ಗುರುಬಸಮ್ಮ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಳು.

ಅದು ಗೊತ್ತಾದ ದಿನ ವಿದ್ಯಾಶ್ರೀ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ, ರಾಯದುರ್ಗದ ಬಸ್ ನಿಲ್ದಾಣದ ಹಿಂದಿನ ಜಿಮ್ಮಿಗೆ ಹೋಗಿ ಹೆಸರು ಬರೆಸಿದಳು. ಮಧ್ಯಾಹ್ನ ಅಲ್ಲಿ ಹೆಂಗಸರ ಹೊತ್ತು. ಯಾಕೆಂದು ಯಾರಿಗೂ ಹೇಳಲಿಲ್ಲ.

ಭಾರ ಎತ್ತುವುದನ್ನು ಕಲಿಸುವ ಸುನೀಲ್ ಹೇಳಿದ, “ಅಕ್ಕಾರ, ಬರೇ ಕಬ್ಬಿಣ ಎತ್ತಿದ್ರ ಮೈ ಗಟ್ಟಿ ಆಗಂಗಿಲ್ರಿ. ಕೋಳಿ ತತ್ತಿ ತಿನ್ರಿ.”

“ನಮ್ಮನ್ಯಾಗ ತತ್ತಿ ನಡಿಯಂಗಿಲ್ಲ.”

“ಹಂಗಾದ್ರ ಬ್ಯಾಳಿ, ಹಾಲು ಜಾಸ್ತಿ ಮಾಡ್ರಿ. ಸಾಲಲಿಲ್ಲಂದ್ರ ಪೌಡರ್.”

ಮೊದಲು ತಂದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ ಡಬ್ಬಿ. ಮೇಲೆ ಉಬ್ಬಿದ ತೋಳಿನ ಚಿತ್ರ. ಮನೆಗೆ ಬಂದು ಹಿಂಬದಿಯ ಸಣ್ಣಕ್ಷರ ಓದಿದರೆ ಮೊದಲ ಹೆಸರೇ ಸಕ್ಕರೆ. ನೂರು ಗ್ರಾಮಿನಲ್ಲಿ ಪ್ರೋಟೀನ್ ಹದಿನೈದೂ ಇಲ್ಲ. ತನ್ನ ಮೇಲೇ ಸಿಟ್ಟು ಬಂತು.

ಎರಡನೆಯದನ್ನು ಓದಿಯೇ ತಂದಳು. ಹಾಲಿನಿಂದ ತೆಗೆದ ಪ್ರೋಟೀನ್, ಚಾಕೊಲೇಟ್ ರುಚಿ. ಬೆಲೆ ಹೆಚ್ಚು, ಆದರೆ ತಿಂಗಳು ಬಂದರೆ ಸರಿಹೋಗುತ್ತದೆಂದು ಲೆಕ್ಕ. ಹತ್ತು ದಿನಕ್ಕೇ ತಳ ಕಂಡಿತು. ಅವಳು ಜಿಮ್ಮಿನಲ್ಲಿದ್ದಾಗ ಹುಲುಗಪ್ಪನ ಹೆಂಡತಿ ನಾಗವೇಣಿ ಬಂದು ಗುರುಬಸಮ್ಮನ ಜೊತೆ ಕೂರುತ್ತಿದ್ದಳು. ಆರೋಗ್ಯ ವಿಚಾರಿಸಲು ಬಂದವರಿಗೆಲ್ಲ ಮಂಚದಿಂದಲೇ ಉಪಚಾರ: “ನಾಗವೇಣಿ, ಹಾಲಿಗೆ ಆ ಪುಡಿ ಎರಡು ಚಮಚ ಹಾಕಿ ಕೊಡವ್ವ. ಶಕ್ತೀದು.”

ಬಚ್ಚಿಟ್ಟರೆ ಅತ್ತೆಗೆ ಅವಮಾನ. ಹಾಗಾಗಿ ಮೂರನೆಯ ಸಲ ವಿದ್ಯಾಶ್ರೀ ಯಾರೂ ಬೇಡದಂಥದ್ದನ್ನೇ ಹುಡುಕಿದಳು: ಸೋಯಾ ಪ್ರೋಟೀನ್, ರುಚಿಯಿಲ್ಲ, ಸಿಹಿಯಿಲ್ಲ, ನೆನೆದ ಗೋಣಿಚೀಲದ ವಾಸನೆ. ನೂರಕ್ಕೆ ಎಂಬತ್ತಕ್ಕೂ ಮೇಲೆ ಪ್ರೋಟೀನ್, ಬೆಲೆ ಅರ್ಧ. ಗೆದ್ದೆ ಅಂದುಕೊಂಡಳು.

ಅದು ಎರಡನೆಯದಕ್ಕಿಂತಲೂ ಬೇಗ ಕರಗಿತು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದರೆ, ಹುಲುಗಪ್ಪ ಮುಖ ಕಿವುಚಿಕೊಂಡು ಲೋಟ ಬರಿದು ಮಾಡುತ್ತಿದ್ದ.

“ಔಷಧ ಅಂದ್ರ ಹಿಂಗಿರ್ಬೇಕು ನೋಡವ್ವ. ಮಂಡಿ ನೋವು ಹಗುರಾತು.”

“ಅದು ಔಷಧ ಅಲ್ಲಣ್ಣ.”

“ಮತ್ತ ಇಷ್ಟು ಕೆಟ್ಟಾಗಿ ಯಾಕೈತಿ?”

ಅವನು ಹೋದ ಮೇಲೆ ವಿದ್ಯಾಶ್ರೀಗೆ ತಡೆಯಲಾಗಲಿಲ್ಲ. “ಅತ್ತಿ, ಅದು ನನ್ನ ಕೈಗೆ ಶಕ್ತಿ ಬರ್ಲಿ ಅಂತ ತಂದಿದ್ದು. ಊರಿಗೆಲ್ಲ ಹಂಚಿದ್ರ ನಾ ಏನು ಕುಡೀಲಿ?”

“ಬಂದೋರ ಮುಂದ ಡಬ್ಬಿ ಮುಚ್ಚಿಡ್ಲೇನು? ಮಿಷನ್ ತುಳಿಯಾಕ ಎಷ್ಟು ಶಕ್ತಿ ಬೇಕ ನಿನಗ?”

“ಮಿಷನ್ನಿಗಲ್ಲ. ನಿಮ್ಮನ್ನ ಎತ್ತಾಕ. ಹುಲುಗಪ್ಪಣ್ಣನ್ನ ಕರೀಬಾರ್ದು ಅಂತ.”

ಗುರುಬಸಮ್ಮ ಸೊಸೆಯ ತೋಳು ಹಿಡಿದು ನೋಡಿದಳು. “ಮೊದ್ಲ ಯಾಕ ಹೇಳ್ಲಿಲ್ಲ?”

“ಎತ್ತಾಕ ಆಗದಿದ್ರ?”

“ಈಗ ಆಗ್ತತೇನು?”

ವಿದ್ಯಾಶ್ರೀ ಮಂಚದ ಪಕ್ಕ ಮಂಡಿ ಬಗ್ಗಿಸಿದಳು. ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಯ ಕೆಳಗೆ. ಬೆನ್ನು ನೆಟ್ಟಗಿಟ್ಟು, ಉಸಿರು ಕಟ್ಟಿ, ಕಾಲಿನ ಬಲದಿಂದ ಎದ್ದಳು. ಬಾಗಿಲ ಬಳಿ ಒಮ್ಮೆ ತಡವರಿಸಿದಳು. “ಗ್ವಾಡಿಗೆ ಬಡೀಬ್ಯಾಡವ್ವ ನನ್ನ,” ಅಂದಳು ಅತ್ತೆ. ಬಡಿಯಲಿಲ್ಲ. ಬಚ್ಚಲ ಕುರ್ಚಿಯ ಮೇಲೆ ಮೆಲ್ಲಗೆ ಕೂರಿಸಿದಳು.

“ಹೊರಗ ನಿಂದ್ರು,” ಅಂದಳು ಗುರುಬಸಮ್ಮ. “ಕರೀತೀನಿ. ಅವಸರ ಮಾಡಬ್ಯಾಡ.”

ಮರುದಿನ ಬಂದವರಿಗೆ ಕಾಫಿ ಸಿಕ್ಕಿತು. ಪುಡಿ ಎಲ್ಲಿ ಎಂದು ಹುಲುಗಪ್ಪ ಕೇಳಿದ್ದಕ್ಕೆ ಗುರುಬಸಮ್ಮ ಹೇಳಿದಳು, “ಅದು ನಮ್ಮ ಸೊಸಿದಪ್ಪ. ನೀ ಬೇಕಂದ್ರ ನಿನ್ನ ಸೊಸಿಗೂ ಒಂದು ತಂದ್ಕೊಡು.”