ಅಮಾಸಿ ಸೂಟಿ

ಗಂಡ-ಹೆಂಡತಿ ಬೇರೆಯಾಗಿದ್ದರು. ಮಗಳು ತಾಯಿಯ ಹತ್ತಿರ ಇರಲಿ, ರಜೆಯ ದಿನ ತಂದೆ ಕರೆದುಕೊಂಡು ಹೋಗಲಿ ಎಂದು ಕೋರ್ಟು ಹೇಳಿತ್ತು. ತಂದೆ ರಬಕವಿಯ ನೇಕಾರ. ಒಂದು ಸೋಮವಾರ ಜಮಖಂಡಿಯ ನಮ್ಮ ಸಾಲಿಗೆ ಬಂದು, ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತರು.

"ಮಗಳನ್ನ ಕಳಸ್ರಿ ಟೀಚರ್, ಇವತ್ತ ಸೂಟಿ."

"ಇವತ್ತ ಸಾಲಿ ಐತಲ್ರೀ."

"ಸಾಲಿಗಲ್ರಿ, ಮಗ್ಗಕ್ಕ ಸೂಟಿ. ಇವತ್ತ ಅಮಾಸಿ. ಆಯ್ತಾರ ನಮಗ ಕೆಲಸ ಇರತೈತಿ."

ಯಾರ ರಜೆ ಎಂದು ಆದೇಶದಲ್ಲಿ ಇರಲಿಲ್ಲ. ತಾಯಿಗೆ ಫೋನ್ ಮಾಡಿದೆ. "ಸಾಲಿ ಬಿಡಿಸಿ ಕಳಸಬ್ಯಾಡ್ರಿ" ಎಂದರು. ಅದೂ ಖರೆಯೇ. ತಂದೆ ಮಗಳ ತಲೆ ಸವರಿ ಬಸ್ಸಿಗೆ ಹೋದರು.

ಮರುದಿನ ಹುಡುಗಿ ಕೇಳಿದಳು: "ಟೀಚರ್, ಆಯ್ತಾರ ಅಮಾಸಿ ಯಾವಾಗ ಬರತೈತ್ರಿ?"

ಅಮಾಸಿ ಎಂದರೆ ಒಳ್ಳೆಯ ಕೆಲಸ ಮುಂದೂಡುವವಳು ನಾನು. ಈಗ ಹೊಸ ಕ್ಯಾಲೆಂಡರ್ ಕೈಗೆ ಬಂದರೆ ಮೊದಲು ರವಿವಾರದ ಅಮಾಸಿ ಹುಡುಕುತ್ತೇನೆ.